ಬಿಟ್‌ಕಾಯಿನ್ನಿನ ಆದಿಕಾಲದ ಕ್ರಯವಿಕ್ರಯ: ಬೆಲೆಯ ಪ್ರಶ್ನೆಯೋ, ಪಾವತಿಯ ಪ್ರಶ್ನೆಯೋ?

ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯಕ್ಕೆ ಮೊತ್ತಮೊದಲು ಬೆಲೆ ಬಂದುದು ಹೇಗೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಬಹುಮಟ್ಟಿಗೆ ಎರಡು ಬಗೆಯ ಸಮಾಧಾನಗಳನ್ನು ಹೇಳುತ್ತ ಬಂದಿದ್ದಾರೆ. ಅದನ್ನು ಉತ್ಪಾದಿಸಲು ತಗಲುವ ವಿದ್ಯುಚ್ಛಕ್ತಿಯ ವೆಚ್ಚವೇ ಅದರ ಮೌಲ್ಯಕ್ಕೆ ಆಧಾರವೆಂಬುದು ಒಂದು ಪಕ್ಷ; ಆಡಮ್ ಹೇಯ್ಸ್ ಅವರು 2017ರಲ್ಲಿ ಪ್ರಕಟಿಸಿದ ಲೇಖನ ಈ ಪಕ್ಷದ ಪ್ರೌಢ ಪ್ರತಿಪಾದನೆ. ಯಾವ ವಸ್ತುವೂ ಹಣವಾಗುವುದಕ್ಕೆ ಮುಂಚೆ ಬೇರೊಂದು ಉಪಯೋಗದಿಂದ ಬೆಲೆಯನ್ನು ಗಳಿಸಿರಲೇಬೇಕೆಂದು 1912ರಲ್ಲಿ ಲುಡ್ವಿಗ್ ಫಾನ್ ಮಿಸೆಸ್ ಅವರು ಸ್ಥಾಪಿಸಿದ ಸಿದ್ಧಾಂತವನ್ನು ಅನುಸರಿಸಿ, ಆದಿಯ ಉತ್ಸಾಹಿಗಳ ಕುತೂಹಲವೇ ಆ ಪೂರ್ವೋಪಯೋಗವೆಂದು ಸಮರ್ಥಿಸುವುದು ಇನ್ನೊಂದು ಪಕ್ಷ. ಎರಡೂ ನಾಣ್ಯದ ಕಡೆಗೇ ದೃಷ್ಟಿ ನೆಟ್ಟಿವೆ. ನಾಣ್ಯಕ್ಕೆ ಪ್ರತಿಯಾಗಿ ಕೊಡಲ್ಪಟ್ಟ ಡಾಲರು ಯಾವ ಮಾರ್ಗದಿಂದ ಬಂದಿತು, ಬಂದ ಮೇಲೆ ಅದು ಸ್ಥಿರವಾಗಿ ನಿಂತಿತೇ ಎಂಬುದನ್ನು ಎರಡೂ ವಿಚಾರಿಸಲಿಲ್ಲ. 2009ರಿಂದ 2011ರ ವರೆಗಿನ ಕ್ರಯವಿಕ್ರಯದ ತೊಡಕುಗಳಿಗೆ ಮೂಲವನ್ನು ಅಲ್ಲಿಯೇ ಹುಡುಕಬೇಕೆಂಬುದು ಪ್ರಕೃತ ಲೇಖನದ ವಾದ.

ಮೂಲ ಸಂಗತಿಗಳಲ್ಲಿ ವಿವಾದವಿಲ್ಲ. ಸತೋಶಿ ನಾಕಾಮೋಟೋ ಎಂಬ ಗುಪ್ತನಾಮದ ಪ್ರಬಂಧ 2008ರ ಅಕ್ಟೋಬರ್ 31ರಂದು ಪ್ರಕಟವಾಯಿತು. 2009ರ ಜನವರಿ 3ರಂದು, ವ್ಯವಹಾರಗಳನ್ನು ದಾಖಲಿಸುವ ಮೊದಲ ಬ್ಲಾಕ್ ರಚಿತವಾಯಿತು. ಅದೇ ತಿಂಗಳ 12ರಂದು ನಾಕಾಮೋಟೋ ಅವರಿಂದ ಗಣಕತಜ್ಞ ಹಾಲ್ ಫಿನ್ನಿ ಅವರಿಗೆ 10 ನಾಣ್ಯಗಳು ಸಂದುವು. ಇದಕ್ಕೆ ಪೂರ್ವದಲ್ಲಿ ಡೇವಿಡ್ ಚಾಮ್ ಅವರ ಡಿಜಿಕ್ಯಾಶ್ ಎಂಬ ಡಿಜಿಟಲ್ ಹಣದ ಸಂಸ್ಥೆ 1998ರಲ್ಲಿ ದಿವಾಳಿಯಾಗಿತ್ತು. 1996ರಲ್ಲಿ ಆರಂಭವಾದ ಇ-ಗೋಲ್ಡ್ ಸಂಸ್ಥೆಯ ಮೇಲೆ 2007ರಲ್ಲಿ ಅಮೆರಿಕ ಸರಕಾರ ಮೊಕದ್ದಮೆ ಹೂಡಿತ್ತು. ಆ ಎರಡಕ್ಕೂ ಒಂದೊಂದು ಕಂಪೆನಿಯಾದರೂ ಇದ್ದು, ಹಣ ತೆತ್ತವನಿಗೆ ಉತ್ತರ ಹೇಳಬೇಕಾದವರು ಯಾರೆಂಬುದು ಗೊತ್ತಿತ್ತು. ಬಿಟ್‌ಕಾಯಿನ್ನಿಗಾದರೋ ಹೊರಡಿಸುವ ಕಚೇರಿಯೇ ಇಲ್ಲದುದರಿಂದ, ಅದನ್ನು ಕೊಳ್ಳಬಯಸಿದವನು ಮುಖಪರಿಚಯವಿಲ್ಲದ ಇನ್ನೊಬ್ಬ ವ್ಯಕ್ತಿಯನ್ನೇ ನಂಬಬೇಕಾಯಿತು.

ಉತ್ಪಾದನವೆಚ್ಚದ ಪಕ್ಷದವರು ಆದಿಕಾಲಕ್ಕೆ ಪ್ರಮಾಣವಾಗಿ ಎತ್ತಿ ತೋರಿಸುವುದು, ನ್ಯೂ ಲಿಬರ್ಟಿ ಸ್ಟ್ಯಾಂಡರ್ಡ್ ಎಂಬ ಹೆಸರಿನಲ್ಲಿ ವ್ಯವಹರಿಸುತ್ತಿದ್ದವರು 2009ರ ಅಕ್ಟೋಬರ್ 5ರಂದು ಸಾರಿದ, ಒಂದು ಡಾಲರಿಗೆ 1,309.03 ನಾಣ್ಯಗಳೆಂಬ ದರವನ್ನು. ಲೆಕ್ಕದ ಕ್ರಮವನ್ನೂ ಅವರು ಬಹಿರಂಗಪಡಿಸಿದ್ದರು. ಪೂರ್ಣಶಕ್ತಿಯಿಂದ ಓಡುವ ಒಂದು ಕಂಪ್ಯೂಟರಿಗೆ ವರ್ಷಕ್ಕೆ ಬೇಕಾಗುವ 1,331.5 ಯೂನಿಟ್ ವಿದ್ಯುತ್ತನ್ನು, ಅಮೆರಿಕದ ಮನೆಗಳಿಗೆ ಹಿಂದಿನ ವರ್ಷ ಅನ್ವಯಿಸಿದ್ದ 0.1136 ಡಾಲರಿನ ಸರಾಸರಿ ದರದಿಂದ ಗುಣಿಸಿ, ಹನ್ನೆರಡು ತಿಂಗಳಿಗೆ ಹಂಚಿ, ಬಂದ ಮೊತ್ತವನ್ನು ತಮ್ಮ ಯಂತ್ರ ಹಿಂದಿನ 30 ದಿನಗಳಲ್ಲಿ ಗಳಿಸಿದ ನಾಣ್ಯಗಳ ಸಂಖ್ಯೆಯಿಂದ ಭಾಗಿಸುವುದು ಆ ಕ್ರಮ. ಈ ಲೆಕ್ಕವನ್ನು ಹಿಮ್ಮುಖವಾಗಿ ಮಾಡಿ ನೋಡಿದರೆ ಒಂದು ಉಪಯುಕ್ತ ಸಂಗತಿ ಹೊರಬೀಳುತ್ತದೆ. ತಿಂಗಳ ವಿದ್ಯುತ್ ವೆಚ್ಚ ಸುಮಾರು 12.60 ಡಾಲರು, ಅದನ್ನು ಪ್ರಕಟಿತ ದರದಿಂದ ಗುಣಿಸಿದರೆ 16,500 ನಾಣ್ಯಗಳಾಗುತ್ತವೆ, ಆಗ ಬ್ಲಾಕ್ ಒಂದಕ್ಕೆ 50 ನಾಣ್ಯಗಳ ಪ್ರತಿಫಲವಿದ್ದುದರಿಂದ ಇದು ಸರಿಯಾಗಿ 330 ಬ್ಲಾಕ್‌ಗಳ ಗಳಿಕೆ. ಶೇಷವಿಲ್ಲದೆ ಪೂರ್ಣಸಂಖ್ಯೆಯೇ ದೊರೆಯುವುದರಿಂದ, ಸಾರಿದ ದರ ಸಾರಿದ ಕ್ರಮದಂತೆಯೇ ಗಣಿಸಲ್ಪಟ್ಟುದೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ.

ಆದರೆ ಇದರಿಂದ ಸಿದ್ಧವಾಗುವುದೇನು? ಒಬ್ಬ ವ್ಯಕ್ತಿಯ ಒಂದು ಯಂತ್ರದ ಒಂದು ತಿಂಗಳ ಖರ್ಚು, ಅಷ್ಟೆ. ಉತ್ಪಾದನವೆಚ್ಚ ಮತ್ತು ಬೆಲೆ ಪರಸ್ಪರ ಸಮೀಪಿಸಬೇಕಾದರೆ ಉತ್ಪಾದಕರ ಸ್ಪರ್ಧೆ ಹೆಚ್ಚಿದಂತೆಲ್ಲ ನಾಣ್ಯವನ್ನು ಪಡೆಯುವ ಕಾಠಿಣ್ಯವೂ ಏರುತ್ತ ಹೋಗಬೇಕು. ಪ್ರತಿ 2,016 ಬ್ಲಾಕ್‌ಗಳಿಗೊಮ್ಮೆ ಕಾಠಿಣ್ಯವನ್ನು ಪರಿಷ್ಕರಿಸುವ ನಿಯಮ ಮಾಡುವುದು ಇದನ್ನೇ. 2009ರಲ್ಲಿಯಾದರೋ, ಡಿಸೆಂಬರ್ 30ರ ವರೆಗೂ ಕಾಠಿಣ್ಯ ತನ್ನ ಕನಿಷ್ಠ ಪ್ರಮಾಣವಾದ 1ರಲ್ಲಿಯೇ ನಿಂತಿತ್ತು. ಅಂದರೆ ಹೇಯ್ಸ್ ಅವರ ವಾದಕ್ಕೆ ಪ್ರಾಣಪ್ರಾಯವಾದ ಆ ಹೊಂದಾಣಿಕೆ, ಆದಿ ದರ ಹುಟ್ಟಿದ ಕಾಲದಲ್ಲಿ ಕೆಲಸಕ್ಕೇ ತೊಡಗಿರಲಿಲ್ಲ. ಹೇಯ್ಸ್ ಅವರ ಪರಿಶೀಲನೆ ಬೆಳೆದು ನಿಂತ ಮಾರುಕಟ್ಟೆಗೆ ಸಂಬಂಧಿಸಿದುದಾದುದರಿಂದ ಈ ಆಕ್ಷೇಪ ಅವರಿಗೆ ನೇರವಾಗಿ ತಗಲದು. ಅವರ ವಾದವನ್ನು ಹಿಂದಕ್ಕೆಳೆದು 2009ಕ್ಕೂ ಹೊದಿಸುವವರಿಗೆ ತಗಲುತ್ತದೆ.

ದರ ಸಾರಿದ ಒಂದು ವಾರದ ಮೇಲೆ, ಅಕ್ಟೋಬರ್ 12ರಂದು, ಫಿನ್‌ಲೆಂಡಿನ ಮಾರ್ಟಿ ಮಾಲ್ಮಿ ಅವರು 5,050 ನಾಣ್ಯಗಳನ್ನು 5.02 ಡಾಲರಿಗೆ ಮಾರಿ, ಹಣವನ್ನು ಪೇಪಾಲ್ ಮೂಲಕ ಪಡೆದರು. ಕೊಂಡವರು ಆ ನ್ಯೂ ಲಿಬರ್ಟಿ ಸ್ಟ್ಯಾಂಡರ್ಡಿನವರೇ. ಇಲ್ಲಿ ಡಾಲರಿಗೆ ಬಿದ್ದುದು ಸುಮಾರು 1,006 ನಾಣ್ಯ. ಅಕ್ಟೋಬರ್ 5ರ ದರಕ್ಕೆ ಹೋಲಿಸಿದರೆ ಕೊಂಡವರು ಶೇಕಡಾ 30ರಷ್ಟು ಹೆಚ್ಚು ತೆತ್ತಂತಾಯಿತು. ನಡುವೆ ದರ ಪರಿಷ್ಕೃತವಾಗಿದ್ದರೆ ಈ ಅಂತರದ ಒಂದಂಶ ಅದಕ್ಕೆ ಸಲ್ಲಬೇಕಾದುದರಿಂದ ಅದರ ಮೇಲೆ ನಾನು ಹೆಚ್ಚಿನ ಭಾರ ಹೊರಿಸುವುದಿಲ್ಲ. ಗಮನಾರ್ಹವಾದುದು ಬೇರೆ: ದರವನ್ನು ಸಾರಿದವರೇ ಕೊಳ್ಳುವವರೂ ಆಗಿದ್ದ ಈ ವ್ಯಾಪಾರ ಕೈಗೂಡಿದುದು, ಪರಸ್ಪರ ಮೋಸ ಮಾಡರೆಂಬ ನಂಬಿಕೆಯುಳ್ಳ ಇಬ್ಬರು ಉತ್ಸಾಹಿಗಳ ನಡುವೆ ಮಾತ್ರ.

ಆ ನಂಬಿಕೆ ಇಲ್ಲದೆಡೆ ಏನಾಗುತ್ತಿತ್ತೆಂಬುದೇ ವಿವಾದದ ಮರ್ಮ. ಬಿಟ್‌ಕಾಯಿನ್ ಒಮ್ಮೆ ಕೈಬಿಟ್ಟು ಕೆಲವು ಬ್ಲಾಕ್‌ಗಳ ಕೆಳಗೆ ಹುದುಗಿತೆಂದರೆ, ಅಂದರೆ ಸುಮಾರು ಒಂದು ಗಂಟೆ ಕಳೆದರೆ, ಅದನ್ನು ಹಿಂದಕ್ಕೆ ತರಿಸುವ ಅಧಿಕಾರ ಲೋಕದಲ್ಲಿ ಯಾರಿಗೂ ಇಲ್ಲ. ಪೇಪಾಲ್ ಡಾಲರು ಹಾಗಲ್ಲ. ಆಗಿನ ನಿಯಮದಂತೆ ಹಣ ಕೊಟ್ಟವನು 45 ದಿನಗಳ ವರೆಗೆ ತಕರಾರು ಹೂಡಬಹುದಾಗಿತ್ತು, ಖಾತೆ ಕಳುವಾಗಿತ್ತೆಂದು ಅದರ ನಿಜವಾದ ಒಡೆಯ ದೂರಿತ್ತರೆ ಮಾರಿದವನ ಖಾತೆಯಿಂದ ಹಣ ಮರಳಿ ಹೋಗುತ್ತಿತ್ತು. ಮಾರಾಟಗಾರರಿಗೆ ಇದ್ದ ರಕ್ಷಣೆ, ಪಾರ್ಸೆಲ್ ಮಾಡಿ ಕಳುಹಿಸಿದ ಸ್ಥೂಲವಸ್ತುಗಳಿಗೆ ಮಾತ್ರ ಸೀಮಿತವಾಗಿದ್ದು, ಕಣ್ಣಿಗೆ ಕಾಣದ ನಾಣ್ಯವನ್ನು ಮಾರಿದವನು ಯಾವ ರಸೀದಿಯನ್ನೂ ತೋರಿಸಲಾರದವನಾಗಿದ್ದನು. ಆದಕಾರಣ ಮಾರುವವನು ಹಿಂದಿರುಗದ ವಸ್ತುವನ್ನು ಕೊಟ್ಟು ಹಿಂದಿರುಗಬಹುದಾದ ಹಣವನ್ನು ಪಡೆಯುತ್ತಿದ್ದನು. ಈ ವೈಷಮ್ಯದ ಭಾರ ಯಾವುದಾದರೊಂದು ರೂಪದಲ್ಲಿ ಬೆಲೆಯೊಳಗೆ ಸೇರದೆ ಇರಲಾರದು.

ಇದು ಕೇವಲ ತರ್ಕವಲ್ಲವೆಂಬುದಕ್ಕೆ ಸಾಕ್ಷ್ಯವಿದೆ. 2010ರ ಮಾರ್ಚ್ 17ರಂದು ತೆರೆದ ಬಿಟ್‌ಕಾಯಿನ್ ಮಾರ್ಕೆಟ್ ಎಂಬ ಪ್ರಥಮ ವಿನಿಮಯಕೇಂದ್ರದ ದರಪಟ್ಟಿಯಲ್ಲಿ ಪೇಪಾಲಿನ ಡಾಲರು ಒಂದು ಹಣವಾಗಿಯೂ, ಒಮ್ಮೆ ಸಂದ ಹಣವನ್ನು ಹಿಂದಿರುಗಿಸದ ಲಿಬರ್ಟಿ ರಿಸರ್ವ್ ಎಂಬ ಪಾವತಿಸಂಸ್ಥೆಯ ಡಾಲರು ಇನ್ನೊಂದು ಹಣವಾಗಿಯೂ ಪ್ರತ್ಯೇಕ ನಮೂದುಗಳನ್ನು ಪಡೆದಿದ್ದುವು. ಅಮೆರಿಕ ಸರಕಾರದ ದೃಷ್ಟಿಯಲ್ಲಿ ಡಾಲರು ಒಂದೇ. ನಾಣ್ಯ ಮಾರುವವನ ದೃಷ್ಟಿಯಲ್ಲಿಯಾದರೋ, ಹಿಂದಿರುಗಬಹುದಾದ ಡಾಲರೂ ಹಿಂದಿರುಗದ ಡಾಲರೂ ಬೇರೆ ಬೇರೆ ಸರಕುಗಳು. ಈ ಕೇಂದ್ರವೇ, ವಂಚನೆಗಳನ್ನು ತಾಳಲಾರದೆ, 2011ರ ಜೂನ್ ತಿಂಗಳಲ್ಲಿ ಪೇಪಾಲನ್ನು ಕೈಬಿಟ್ಟಿತು. ಇದರಿಂದ, ಆದಿಕಾಲದಲ್ಲಿ ಬಿಟ್‌ಕಾಯಿನ್ನಿಗೆ ಒಂದೇ ಬೆಲೆಯೆಂಬುದು ಇರಲಿಲ್ಲ, ಪಾವತಿಯ ಮಾರ್ಗ ಎಷ್ಟಿದ್ದುವೋ ಬೆಲೆಗಳೂ ಅಷ್ಟಿದ್ದುವು ಎಂದು ಊಹಿಸುವುದು ಅಸಂಗತವಾಗದು.

ಇಲ್ಲಿಂದ ಮುಂದಕ್ಕೆ ಹೇಳುವುದನ್ನು ಓದುಗರು ಹೆಚ್ಚಿನ ಎಚ್ಚರದಿಂದ ಸ್ವೀಕರಿಸಬೇಕು. 2010ರ ಮೇ 22ರಂದು ಫ್ಲಾರಿಡಾದ ಲಾಸ್ಲೋ ಹನ್ಯೆಜ್ ಅವರು 10,000 ನಾಣ್ಯಗಳಿಗೆ ಎರಡು ಪಿಜ್ಜಾಗಳನ್ನು ಪಡೆದ ಪ್ರಸಂಗವನ್ನು, ಬಿಟ್‌ಕಾಯಿನ್ನಿನಿಂದ ಸರಕು ಕೊಂಡ ಪ್ರಥಮ ದೃಷ್ಟಾಂತವೆಂದೂ ಅದರ ಬೆಲೆಗೆ ಸಾಕ್ಷಿಯೆಂದೂ ಎಲ್ಲರೂ ಉದಾಹರಿಸುತ್ತಾರೆ. ನನಗೆ ಅದು ಬೆಲೆಯ ಸಾಕ್ಷಿಯಾಗಿರುವುದಕ್ಕಿಂತ ಹೆಚ್ಚಾಗಿ, ಪಾವತಿಮಾರ್ಗದ ತೊಡಕನ್ನು ಬಳಸಿಕೊಂಡು ಹೋದುದರ ಸಾಕ್ಷಿಯಾಗಿ ಕಾಣುತ್ತದೆ. ಪಿಜ್ಜಾ ಅಂಗಡಿ ನಾಣ್ಯವನ್ನು ಸ್ವೀಕರಿಸಲಿಲ್ಲ. ಕ್ಯಾಲಿಫೋರ್ನಿಯಾದ ಒಬ್ಬ ತರುಣ ಅಂಗಡಿಗೆ ತನ್ನ ಡಾಲರುಗಳನ್ನು ತೆತ್ತು, ನಾಣ್ಯಗಳನ್ನು ತಾನು ಪಡೆದನು. ಹನ್ಯೆಜ್ ಅವರ ಕೈಗೆ ಡಾಲರು ಬರಲೇ ಇಲ್ಲವಾದುದರಿಂದ ಅದು ಹಿಂದಿರುಗುವ ಭಯವೂ ಅವರಿಗೆ ಇರಲಿಲ್ಲ. ಬಂದುದು ಬಿಸಿಯಾದ ಆಹಾರ, ಅದನ್ನು ಯಾರೂ ಮರಳಿ ಕೇಳುವಂತಿಲ್ಲ. ಅಂದು ವಿನಿಮಯಕೇಂದ್ರದ ದರದಂತೆ 10,000 ನಾಣ್ಯಗಳಿಗೆ ಸುಮಾರು 41 ಡಾಲರು ಬರಬೇಕಿತ್ತು. ಪಿಜ್ಜಾಗಳಿಗೆ ತಗಲಿದುದು ಸುಮಾರು 25 ಡಾಲರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಎರಡು ಮೊತ್ತಗಳೂ ವಿಶ್ವಾಸಾರ್ಹವಾದರೆ, ಅವುಗಳ ನಡುವಣ ಅಂತರವನ್ನು, ಪೂರ್ತಿಯಾಗಿ ಅಲ್ಲವಾದರೂ ಅಂಶತಃ, ಸ್ಥಿರವಾಗಿ ನಿಲ್ಲುವ ಪ್ರತಿಫಲಕ್ಕಾಗಿ ಮಾರುವವನು ಬಿಟ್ಟುಕೊಟ್ಟ ಸೋಡಿಯೆಂದು ಭಾವಿಸಬಹುದು. ಆ ಇಬ್ಬರೂ ಇಂತಹ ಲೆಕ್ಕ ಹಾಕಿದರೆಂದು ನಾನು ಹೇಳುತ್ತಿಲ್ಲ. ಕೌತುಕ, ವಿನೋದ, ಹೊಸ ಕೆಲಸದ ಹುಮ್ಮಸ್ಸು ಇವೆಲ್ಲ ಇದ್ದೇ ಇದ್ದುವು. ಒಂದೇ ವ್ಯವಹಾರದಿಂದ ಸಾಮಾನ್ಯ ನಿಯಮವನ್ನು ಕಟ್ಟುವುದೂ ಸಾಧುವಲ್ಲ. ಆದರೂ ಉತ್ಪಾದನವೆಚ್ಚದ ಪಕ್ಷವಾಗಲಿ ಪೂರ್ವೋಪಯೋಗದ ಪಕ್ಷವಾಗಲಿ ಈ ಅಂತರಕ್ಕೆ ಕಾರಣ ಹೇಳಲಾರದೆಂಬುದು ನನ್ನ ಅಭಿಪ್ರಾಯಕ್ಕೆ ಪೋಷಕವಾಗಿದೆ.

ಪ್ರಚಾರದ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. 2010ರ ಜೂನ್ ತಿಂಗಳಲ್ಲಿ ತಂತ್ರಾಂಶತಜ್ಞ ಗ್ಯಾವಿನ್ ಆಂಡ್ರೆಸೆನ್ ಅವರು 50 ಡಾಲರಿಗೆ 10,000 ನಾಣ್ಯಗಳನ್ನು ಕೊಂಡು, ಬಂದವರಿಗೆಲ್ಲ ತಲಾ 5ರಂತೆ ಉಚಿತವಾಗಿ ಹಂಚತೊಡಗಿದರು. ಕಡೆಗೆ ಹಂಚಿದುದು 19,700. ಇದನ್ನು ಔದಾರ್ಯವೆಂದು ಮಾತ್ರ ವರ್ಣಿಸುವುದು ಸಾಲದು. ಅವರು ಕೊಂಡ ದರದಲ್ಲಿ 5 ನಾಣ್ಯಗಳ ಬೆಲೆ ಎರಡೂವರೆ ಸೆಂಟ್. ವ್ಯಾಪಾರದ ಪ್ರತಿಯೊಂದು ಪಾವತಿಯ ಮೇಲೂ ಪೇಪಾಲ್ ಮುರಿದುಕೊಳ್ಳುತ್ತಿದ್ದ ನಿಶ್ಚಿತ ಶುಲ್ಕವೇ 30 ಸೆಂಟ್. ಹೊಸಬನೊಬ್ಬ ಪರೀಕ್ಷಾರ್ಥವಾಗಿ ಐದು ನಾಣ್ಯಗಳನ್ನು ಕೊಳ್ಳಬೇಕೆಂದರೆ, ಸರಕಿನ ಬೆಲೆಯ ಹನ್ನೆರಡು ಪಟ್ಟು ಸುಂಕವನ್ನು ತೆರಬೇಕಾಗಿತ್ತು. ಚಿಲ್ಲರೆ ಮಾರಾಟ ಅಸಾಧ್ಯವಾಗಿದ್ದಾಗ ದಾನವೊಂದೇ ಪ್ರಚಾರಕ್ಕೆ ಉಳಿದ ದಾರಿ; ಹಂಚಿಕೆಯಲ್ಲಿ ಎದುರಿನಿಂದ ಡಾಲರು ಬರುವುದೇ ಇಲ್ಲವಾದುದರಿಂದ ಅದು ಹಿಂದಿರುಗುವ ಪ್ರಶ್ನೆಯೂ ಏಳುವುದಿಲ್ಲ. ತರುವಾಯ ಜುಲೈ 11ರಂದು ಸ್ಲ್ಯಾಶ್‌ಡಾಟ್ ಎಂಬ ವಾರ್ತಾ ಜಾಲತಾಣ ಈ ನಾಣ್ಯದ ಸುದ್ದಿಯನ್ನು ಪ್ರಕಟಿಸಿದಾಗ, ಕೆಲವೇ ದಿನಗಳಲ್ಲಿ ಬೆಲೆ ಸುಮಾರು ಹತ್ತು ಪಟ್ಟು ಏರಿತು. ಜೆಡ್ ಮೆಕ್‌ಕೇಲಬ್ ಅವರು ಮೌಂಟ್ ಗಾಕ್ಸ್ ವಿನಿಮಯಕೇಂದ್ರವನ್ನು ತೆರೆದುದು ಜುಲೈ 18ರಂದು: ಪ್ರಚಾರ ಮುಂದೆ ಓಡಿತು, ಪೇಟೆ ಹಿಂದಿನಿಂದ ಬಂದಿತು. ಡಿಸೆಂಬರಿನಲ್ಲಿ ವಿಕಿಲೀಕ್ಸ್ ಸಂಸ್ಥೆಗೆ ಬಿಟ್‌ಕಾಯಿನ್ ಮೂಲಕ ನೆರವು ಸಲ್ಲಲೆಂಬ ಸಲಹೆ ಬಂದಾಗ, ನಾಣ್ಯ ಇನ್ನೂ ಶೈಶವದಲ್ಲಿದೆ, ಅಂತಹ ಪ್ರಸಿದ್ಧಿ ಅದನ್ನು ನಾಶಮಾಡೀತೆಂದು ನಾಕಾಮೋಟೋ ಅವರೇ ವಿರೋಧಿಸಿದುದನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಮೌಂಟ್ ಗಾಕ್ಸ್ ಸಹ ಕೆಲವೇ ತಿಂಗಳಲ್ಲಿ ಪೇಪಾಲನ್ನು ಕಳೆದುಕೊಂಡು ಲಿಬರ್ಟಿ ರಿಸರ್ವನ್ನು ಆಶ್ರಯಿಸಿತು. ಆ ಲಿಬರ್ಟಿ ರಿಸರ್ವನ್ನು 2013ರಲ್ಲಿ ಅಮೆರಿಕ ಸರಕಾರ ಮುಚ್ಚಿಸಿತು. ಟೈಲರ್ ಮೂರ್ ಮತ್ತು ನಿಕೊಲಾ ಕ್ರಿಸ್ಟಿನ್ ಅವರು 2013ರಲ್ಲಿ 40 ವಿನಿಮಯಕೇಂದ್ರಗಳನ್ನು ಪರಿಶೀಲಿಸಿ, ಅವುಗಳಲ್ಲಿ 18 ಮುಚ್ಚಿಹೋದುವೆಂದು ತೋರಿಸಿದ್ದಾರೆ. ಅವರು ವ್ಯಾಪಾರದ ಗಾತ್ರವನ್ನೂ ಭದ್ರತೆಯ ಭಂಗವನ್ನೂ ಪ್ರಧಾನವಾಗಿ ವಿವೇಚಿಸಿದ್ದಾರೆ. ಪಾವತಿಯ ಮಾರ್ಗವನ್ನೂ ಕಾರಣಗಳಲ್ಲಿ ಒಂದಾಗಿ ಸೇರಿಸಿ ನೋಡುವುದು ಅವಶ್ಯವೆಂದು ನನಗೆ ತೋರುತ್ತದೆ.

ನಮ್ಮ ನಾಡಿನ ಒಂದು ಅನುಭವವೂ ಇಲ್ಲಿ ಸ್ಮರಣಾರ್ಹ. 2013ರಲ್ಲಿ ತುಮಕೂರಿನಲ್ಲಿ ಆರಂಭವಾದ ಯುನೋಕಾಯಿನ್ ಸಂಸ್ಥೆ, ಭಾರತೀಯ ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರ ಸುತ್ತೋಲೆಯಿಂದ ಇಂತಹ ವ್ಯಾಪಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿದಾಗ, ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ನಗದು ಕಟ್ಟುವ ಯಂತ್ರವನ್ನಿರಿಸಿತು. ಪೊಲೀಸರು ಅದನ್ನು ವಶಪಡಿಸಿಕೊಂಡರು. ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿದುದು 2020ರ ಮಾರ್ಚ್ 4ರಂದು. ಆ ಎರಡು ವರ್ಷಗಳಲ್ಲಿ ನಾಣ್ಯದ ರಚನೆಯಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಮುಚ್ಚಿದುದು ರೂಪಾಯಿಯ ದಾರಿ.

ಎರಡು ಪ್ರಶ್ನೆಗಳು ಉಳಿಯುತ್ತವೆ. ಪೇಪಾಲ್ ಡಾಲರಿಗೂ ಲಿಬರ್ಟಿ ರಿಸರ್ವ್ ಡಾಲರಿಗೂ ನಡುವೆ ಇದ್ದ ದರಭೇದ, ಹಣ ಹಿಂದಿರುಗುವ ಅಪಾಯಕ್ಕೆ ಎಷ್ಟು ಸಲ್ಲುತ್ತದೆ, ಪೇಪಾಲ್ ಖಾತೆ ಸುಲಭವಾಗಿ ದೊರೆಯುತ್ತಿದ್ದ ಸೌಕರ್ಯಕ್ಕೆ ಎಷ್ಟು ಸಲ್ಲುತ್ತದೆ ಎಂಬುದು ಮೊದಲನೆಯದು. ಸಂಖ್ಯಾಶಾಸ್ತ್ರದ ನೆರವಿಲ್ಲದೆ ಇದನ್ನು ತೀರ್ಮಾನಿಸಲಾಗದು. ಪರಿಚಿತರ ನಡುವಣ ವ್ಯಾಪಾರದಲ್ಲಿ ಈ ಭೇದ ಕುಗ್ಗುತ್ತಿತ್ತೇ ಎಂಬುದು ಎರಡನೆಯದು. 2010 ಮತ್ತು 2011ರ ವ್ಯವಹಾರದ ದಾಖಲೆಗಳನ್ನು ಕಾಪಾಡಿಕೊಂಡಿರುವವರು, ಎಲ್ಲ ಡಾಲರುಗಳನ್ನೂ ಒಂದೇ ಸರಣಿಯಲ್ಲಿ ಬೆರೆಸದೆ, ಪಾವತಿಯ ಮಾರ್ಗಕ್ಕೆ ಅನುಸಾರವಾಗಿ ವಿಂಗಡಿಸಿ ಪ್ರಕಟಿಸಬೇಕೆಂದು ನನ್ನ ವಿಜ್ಞಾಪನೆ.