ನೆರೆಯವನ ಹೆಸರಿನ ರೋಗ

ಈ ಸಂಜೆ ನಾನು ಆಡಬೇಕೆಂದಿರುವ ಮಾತು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೇಳುವ ರೇಡಿಯೋದಲ್ಲಿ ಸಾಮಾನ್ಯವಾಗಿ ಬರುವಂಥದಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ಚರಿತ್ರೆಯನ್ನು, ಅದರಲ್ಲಿಯೂ ಹದಿಹರೆಯದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು, ಹೇಳಬೇಕೆಂದಿದ್ದೇನೆ ಎಂದಾಗ ಮಿತ್ರರೊಬ್ಬರು ಹುಬ್ಬೇರಿಸಿದರು. "ಅದು ಡಾಕ್ಟರ ಕೆಲಸವಲ್ಲವೇ? ಚರಿತ್ರೆಯ ಮೇಷ್ಟರಿಗೆ ಅಲ್ಲೇನು ಕೆಲಸ?" ಎಂದರು. ರೋಗಕ್ಕೆ ಮದ್ದು ಕೊಡುವುದು ವೈದ್ಯರ ಕೆಲಸ, ನಿಜ. ಆದರೆ ಮದ್ದು ಇದ್ದೂ ರೋಗಿಯು ವೈದ್ಯರ ಬಾಗಿಲಿಗೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಔಷಧಶಾಸ್ತ್ರದಲ್ಲಿಲ್ಲ, ಚರಿತ್ರೆಯಲ್ಲಿದೆ.

ಒಂದು ಶಬ್ದದಿಂದ ಆರಂಭಿಸುತ್ತೇನೆ. ನಮ್ಮ ಹಿತ್ತಿಲಿನ ಪರಂಗಿ ಹಣ್ಣು ಎಲ್ಲರಿಗೂ ಗೊತ್ತು. ಅಮೆರಿಕದಿಂದ ಹೊರಟು, ಪರಂಗಿಯವರ ಅಂದರೆ ಪೋರ್ಚುಗೀಸರ ಹಡಗಿನಲ್ಲಿ ಬಂದುದರಿಂದ ಅದಕ್ಕೆ ಆ ಹೆಸರು. ಗ್ರಂದಿಗೆ ಅಂಗಡಿಯಲ್ಲಿ ಪರಂಗಿ ಚಕ್ಕೆ ಎಂಬ ಒಂದು ಬೇರೂ ಸಿಗುತ್ತದೆ. ಇವೆರಡಕ್ಕೂ ಮೂರನೆಯ ನಂಟನೊಬ್ಬನಿದ್ದಾನೆ. ಹದಿನಾರನೆಯ ಶತಮಾನದಲ್ಲಿ ಭಾವಮಿಶ್ರನು ರಚಿಸಿದ 'ಭಾವಪ್ರಕಾಶ'ವೆಂಬ ಆಯುರ್ವೇದ ಗ್ರಂಥದಲ್ಲಿ 'ಫಿರಂಗ ರೋಗ' ಎಂಬ ಹೊಸ ರೋಗವೊಂದು ಕಾಣಿಸಿಕೊಳ್ಳುತ್ತದೆ. ಫಿರಂಗ ದೇಶದವರ ಸಂಸರ್ಗದಿಂದ ಬಂದುದರಿಂದ ಅದಕ್ಕೆ ಆ ಹೆಸರು ಎಂಬುದು ಗ್ರಂಥಕಾರನ ವಿವರಣೆ. ಇಂದು ನಾವು ಸಿಫಿಲಿಸ್ ಎಂದು ಕರೆಯುವುದು ಅದನ್ನೇ. ವಾಸ್ಕೋ ಡ ಗಾಮ ಕಲ್ಲಿಕೋಟೆಯ ತೀರಕ್ಕೆ ಬಂದದ್ದು 1498ರಲ್ಲಿ. ನೂರು ವರ್ಷ ತುಂಬುವುದರೊಳಗೆ ರೋಗವು ಸಂಸ್ಕೃತ ಗ್ರಂಥವನ್ನು ಸೇರಿತು. ಅದಕ್ಕೆ ಭಾವಮಿಶ್ರನು ಹೇಳಿದ ಔಷಧಗಳಲ್ಲಿ ಪಾದರಸದ ಕಲ್ಪಗಳಿದ್ದವು, ಚೋಪಚೀನಿ ಇತ್ತು. ಆ ಚೋಪಚೀನಿಯೇ ನಮ್ಮ ಪರಂಗಿ ಚಕ್ಕೆ. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲಿಯೇ ಅಚ್ಚು ಮಾಡಿಸಿದ ಪುಸ್ತಕದಲ್ಲಿಯೂ ಈ ಚೀನೀ ಬೇರಿನ ಪ್ರಸ್ತಾಪವಿದೆ. ರೋಗವೂ ಪರಂಗಿಯದು, ಮದ್ದೂ ಪರಂಗಿಯದು! ಬೇರು ಚೀನಾದ್ದಾದರೂ ಹೆಸರು ಮಾತ್ರ ಅವರದೇ.

ಪೋರ್ಚುಗೀಸರನ್ನು ದೂರಿದವರು ನಾವು. ಅತ್ತ ಯೂರೋಪಿನವರು ಯಾರನ್ನು ದೂರಿದರು? 1495ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸನ ಸೇನೆ ಇಟಲಿಯ ನೇಪಲ್ಸ್ ನಗರವನ್ನು ಹಿಡಿಯಿತು. ಆ ಬಾಡಿಗೆ ಸೈನಿಕರ ನಡುವೆ ಹಿಂದೆಂದೂ ಕಾಣದ ಘೋರವಾದ ಹುಣ್ಣುಗಳ ವ್ಯಾಧಿ ಎದ್ದಿತು. ಸೇನೆ ಚದುರಿದಂತೆ ರೋಗವೂ ಖಂಡದಾದ್ಯಂತ ಚದುರಿತು. ಇಟಲಿಯವರು ಅದನ್ನು ಫ್ರೆಂಚ್ ರೋಗವೆಂದರು. ಫ್ರೆಂಚರು ನೇಪಲ್ಸ್ ರೋಗವೆಂದರು. ರಷ್ಯದವರಿಗೆ ಅದು ಪೋಲೆಂಡಿನ ರೋಗ. ತುರುಕರಿಗೆ ಕ್ರೈಸ್ತರ ರೋಗ. ಕೊಲಂಬಸನ ನಾವಿಕರು 1493ರಲ್ಲಿ ಅಮೆರಿಕದಿಂದ ತಂದರೇ, ಅಥವಾ ಅದಕ್ಕೂ ಮೊದಲೇ ಹಳೆಯ ಜಗತ್ತಿನಲ್ಲಿತ್ತೇ ಎಂಬ ವಾದ ಬಹುಕಾಲ ನಡೆಯಿತು. ಹಳೆಯ ಅಸ್ಥಿಗಳಲ್ಲಿ ಉಳಿದ ರೋಗಾಣುವಿನ ವಂಶದ್ರವ್ಯವನ್ನು ಓದಿದ ಇತ್ತೀಚಿನ ಅಧ್ಯಯನಗಳು ಅಮೆರಿಕದ ಮೂಲದತ್ತ ವಾಲುತ್ತವೆ. ಅದು ಹೇಗಾದರೂ ಇರಲಿ, ಈ ರೋಗವನ್ನು ತನ್ನದೆಂದು ಒಪ್ಪಿ ತನ್ನ ಹೆಸರಿಟ್ಟುಕೊಂಡ ದೇಶ ಒಂದೂ ಇಲ್ಲ. ಅದು ಎಂದೆಂದಿಗೂ ನೆರೆಯವನ ರೋಗ.

ಕೊನೆಗೆ ಯಾವ ದೇಶಕ್ಕೂ ಸೇರದ ಹೆಸರನ್ನು ಅದಕ್ಕೆ ಕೊಟ್ಟವನು ಒಬ್ಬ ಕವಿ. ಇಟಲಿಯ ವೆರೋನಾ ನಗರದ ವೈದ್ಯ ಫ್ರಕಾಸ್ಟೊರೊ 1530ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ದೀರ್ಘ ಕಾವ್ಯವನ್ನು ಪ್ರಕಟಿಸಿದ. ದೇವತೆಯ ಕೋಪಕ್ಕೆ ಗುರಿಯಾಗಿ ಈ ವ್ಯಾಧಿಯನ್ನು ಪಡೆದ ಕುರುಬನೊಬ್ಬನ ಕಥೆ ಅದರಲ್ಲಿದೆ. ಆ ಕುರುಬನ ಹೆಸರು ಸಿಫಿಲಸ್. ಕಾವ್ಯದ ಪಾತ್ರವೊಂದು ವೈದ್ಯಕೋಶದ ಶಬ್ದವಾದ ಇಂಥ ಉದಾಹರಣೆಗಳು ವಿರಳ. ಸಾಹಿತ್ಯಪ್ರಿಯರಾದ ನಾವು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ದೇಶದ ಮೇಲಿನ ದೂರು ಹೋಯಿತು, ಆದರೆ ದೇವರ ಶಿಕ್ಷೆಯೆಂಬ ಭಾವ ಆ ಹೆಸರಿನೊಳಗೇ ಉಳಿಯಿತು.

ಸುಮಾರು ನಾಲ್ಕು ನೂರು ವರ್ಷ ಈ ರೋಗಕ್ಕೆ ಮುಖ್ಯ ಚಿಕಿತ್ಸೆ ಪಾದರಸ. ಹಲ್ಲು ಉದುರುತ್ತಿದ್ದವು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಆದರೂ ಜನ ಅದನ್ನು ನಂಬಿದರು. ನಂಬಲು ಕಾರಣವಿತ್ತು. ಸಿಫಿಲಿಸ್ಸಿನ ಮೊದಲ ಹುಣ್ಣು ನೋಯುವುದಿಲ್ಲ. ಮೂರರಿಂದ ಆರು ವಾರಗಳಲ್ಲಿ, ಏನೂ ಮಾಡದಿದ್ದರೂ, ತಾನಾಗಿಯೇ ಮಾಯುತ್ತದೆ. ಮಾಯುವುದು ಹುಣ್ಣು ಮಾತ್ರ. ರೋಗ ರಕ್ತದಲ್ಲಿ ಉಳಿದು, ಕೆಲ ಕಾಲದ ಮೇಲೆ ಅಂಗೈ ಅಂಗಾಲುಗಳಲ್ಲಿ ಕಲೆಗಳಾಗಿ ಕಾಣಿಸಿಕೊಂಡು, ಮತ್ತೆ ಅಡಗಿ, ಕೆಲವರಲ್ಲಿ ಹಲವು ವರ್ಷಗಳ ನಂತರ ಹೃದಯವನ್ನೋ ಮಿದುಳನ್ನೋ ಹಿಡಿಯುತ್ತದೆ. ಈ ಕಪಟ ತಿಳಿಯದ ಕಾಲದಲ್ಲಿ, ಹುಣ್ಣು ಮಾಯ್ದಾಗ ಯಾರು ಯಾವ ಮದ್ದು ಕೊಟ್ಟಿದ್ದರೋ ಅವರಿಗೆ ಕೀರ್ತಿ ಬರುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ದೂರು ದೇಶದಿಂದ ಹೆಣ್ಣಿನ ಕಡೆಗೆ ತಿರುಗಿತು. ಬ್ರಿಟಿಷ್ ಸೈನಿಕರು ಈ ರೋಗಗಳಿಂದ ಆಸ್ಪತ್ರೆ ಸೇರುತ್ತಿದ್ದುದನ್ನು ಕಂಡು ಇಂಗ್ಲೆಂಡಿನಲ್ಲಿ 1864ರಲ್ಲಿಯೂ, ಭಾರತದಲ್ಲಿ 1868ರಲ್ಲಿಯೂ ಸಾಂಕ್ರಾಮಿಕ ರೋಗಗಳ ಕಾಯಿದೆ ಎಂಬ ಹೆಸರಿನ ಶಾಸನಗಳನ್ನು ಮಾಡಿದರು. ವೇಶ್ಯೆಯರೆಂದು ಎಣಿಸಲ್ಪಟ್ಟ ಹೆಂಗಸರು ಹೆಸರು ನೋಂದಾಯಿಸಬೇಕು, ಗೊತ್ತಾದ ದಿನ ದೇಹಪರೀಕ್ಷೆಗೆ ಬರಬೇಕು, ರೋಗವಿದ್ದರೆ 'ಲಾಕ್ ಆಸ್ಪತ್ರೆ'ಗಳಲ್ಲಿ ಬಂದಿಗಳಂತೆ ಇರಬೇಕು. ಅವರ ಬಳಿಗೆ ಹೋಗುತ್ತಿದ್ದ ಗಂಡಸರಿಗೆ ಈ ನೋಂದಣಿಯಿರಲಿಲ್ಲ. ಫಲವೇನಾಯಿತು? ಹೆಂಗಸರು ಊರು ಬಿಟ್ಟರು, ತಲೆಮರೆಸಿಕೊಂಡರು; ರೋಗವೂ ಅವರೊಡನೆ ತಲೆಮರೆಸಿಕೊಂಡಿತು. ಜೋಸೆಫೀನ್ ಬಟ್ಲರ್ ಎಂಬ ಮಹನೀಯಳ ದೀರ್ಘ ಹೋರಾಟದ ತರುವಾಯ ಆ ಕಾಯಿದೆಗಳು ಇಂಗ್ಲೆಂಡಿನಲ್ಲಿ 1886ರಲ್ಲಿ, ಭಾರತದಲ್ಲಿ 1888ರಲ್ಲಿ ರದ್ದಾದವು.

ಇಷ್ಟರಲ್ಲಿ ಸೂಕ್ಷ್ಮದರ್ಶಕ ತನ್ನ ಕೆಲಸವನ್ನು ಆರಂಭಿಸಿತ್ತು. ಗೊನೊರಿಯಾದ ರೋಗಾಣುವನ್ನು ಆಲ್ಬರ್ಟ್ ನೈಸರ್ 1879ರಲ್ಲಿ ಕಂಡ. ಸಿಫಿಲಿಸ್ಸಿನ ತಿರುಪಿನಾಕಾರದ ರೋಗಾಣುವನ್ನು ಶೌಡಿನ್ ಮತ್ತು ಹಾಫ್‌ಮನ್ 1905ರಲ್ಲಿ ಬರ್ಲಿನ್ನಿನಲ್ಲಿ ಕಂಡರು. ಮರುವರ್ಷವೇ ವಾಸರ್‌ಮನ್ನನ ರಕ್ತಪರೀಕ್ಷೆ ಬಂದಿತು. ಪೌಲ್ ಎರ್ಲಿಕ್ ಮತ್ತು ಜಪಾನಿನ ಸಹಾಚಿರೋ ಹಾತಾ ಒಂದಾದ ಮೇಲೊಂದರಂತೆ ರಾಸಾಯನಿಕಗಳನ್ನು ಪರೀಕ್ಷಿಸುತ್ತ, 1909ರಲ್ಲಿ 606ನೆಯ ಸಂಖ್ಯೆಯ ಸಂಯುಕ್ತದಲ್ಲಿ ಗುಣವನ್ನು ಕಂಡರು. ಕೊನೆಗೆ 1943ರಲ್ಲಿ ಅಮೆರಿಕದ ಜಾನ್ ಮಹೋನಿ ನಾಲ್ವರು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ಸಿಫಿಲಿಸ್ ವಾಸಿಯಾಗುವುದನ್ನು ತೋರಿಸಿದ. ನಾನೂರೈವತ್ತು ವರ್ಷಗಳ ಭಯ ಒಂದು ಸೂಜಿಮದ್ದಿನ ಮುಂದೆ ಮಂಡಿಯೂರಿತು.

ಆದರೆ ಮದ್ದು ಸಿಕ್ಕಿತೆಂದರೆ ಮನುಷ್ಯನಿಗೆ ಸಿಕ್ಕಿತೆಂದಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ಎಂಬಲ್ಲಿ ಸರ್ಕಾರದ ಆರೋಗ್ಯ ಇಲಾಖೆಯೇ 1932ರಿಂದ ಸುಮಾರು 600 ಮಂದಿ ಬಡ ಕರಿಯ ಗಂಡಸರನ್ನು ಅಧ್ಯಯನಕ್ಕೆ ತೆಗೆದುಕೊಂಡಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. 'ನಿಮ್ಮ ರಕ್ತ ಕೆಟ್ಟಿದೆ' ಎಂದಷ್ಟೇ ಅವರಿಗೆ ಹೇಳಲಾಯಿತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ಹೇಗೆ ಬೆಳೆಯುವುದೆಂದು ನೋಡುತ್ತ ಕುಳಿತರು. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆಯುವವರೆಗೆ, ನಲವತ್ತು ವರ್ಷ, ಇದು ನಡೆಯಿತು. ಅಧ್ಯಕ್ಷ ಕ್ಲಿಂಟನ್ ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದ್ದು 1997ರಲ್ಲಿ.

ಅಮೆರಿಕದ ತಪ್ಪನ್ನು ಹೇಳಿ ಸುಮ್ಮನಾಗುವುದು ಸುಲಭ. ಅದೂ ಒಂದು ಬಗೆಯಲ್ಲಿ ನೆರೆಯವನ ಹೆಸರು ಹೇಳಿದಂತೆಯೇ. ಆದುದರಿಂದ ನನ್ನ ತಪ್ಪನ್ನೂ ಹೇಳುತ್ತೇನೆ. 1980ರ ದಶಕದ ಆರಂಭದ ಮಾತು. ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಪಾಠ ಹೇಳುತ್ತ, ವಿದ್ಯಾರ್ಥಿನಿಲಯದ ವಾರ್ಡನ್ ಕೆಲಸವನ್ನೂ ನೋಡಿಕೊಳ್ಳುತ್ತಿದ್ದೆ. ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬ ರಾತ್ರಿ ಊಟದ ಗಂಟೆಯ ಮೇಲೆ ಬಂದು, ಮಾತಿಲ್ಲದೆ ತನ್ನ ಎರಡು ಅಂಗೈಗಳನ್ನು ತೋರಿಸಿದ. ತಾಮ್ರದ ಬಣ್ಣದ ಕಲೆಗಳು. ಎರಡು ತಿಂಗಳ ಹಿಂದೆ ಹುಣ್ಣೊಂದು ಎದ್ದಿತ್ತಂತೆ. ಗೋಡೆಯ ಮೇಲಿನ 'ಗುಪ್ತರೋಗ'ದ ಜಾಹೀರಾತನ್ನು ನೋಡಿ, ಬಸ್ ನಿಲ್ದಾಣದ ಎದುರಿನ ಲಾಡ್ಜಿಗೆ ತಿಂಗಳಿಗೊಮ್ಮೆ ಬರುತ್ತಿದ್ದವನ ಬಳಿಗೆ ಹೋಗಿದ್ದ. ಪರೀಕ್ಷಾ ಶುಲ್ಕದ ಹಣವೆಲ್ಲ ಪುಡಿಯ ಪೊಟ್ಟಣಗಳಿಗೆ ಹೋಗಿತ್ತು. ಹುಣ್ಣು ಮಾಯ್ದಿತು, ಗುಣವಾಯಿತೆಂದುಕೊಂಡಿದ್ದ. "ಈಗ ಇದು ಬಂದಿದೆ, ಸಾರ್" ಎಂದ.

ನಾನು ಕೇಳಿದ ಮೊದಲ ಪ್ರಶ್ನೆ ಇದು: "ಎಲ್ಲಿಗೆ ಹೋಗಿದ್ದೆ? ಯಾರ ಹತ್ತಿರ?"

ಅವನು ಕೈಗಳನ್ನು ಮಡಿಚಿಕೊಂಡು ನೆಲ ನೋಡಿದ. ಮಾರನೆಯ ಬೆಳಗ್ಗೆ ಅವನ ಟ್ರಂಕು ಕೋಣೆಯಲ್ಲಿರಲಿಲ್ಲ. ಪರಿಚಯದ ವೈದ್ಯರೊಬ್ಬರಿಗೆ ಹೇಳಿದಾಗ ಅವರು, "ಪುಡಿಯಿಂದ ಮಾಯ್ದದ್ದಲ್ಲ ಮೇಷ್ಟ್ರೇ, ಅದು ಆ ರೋಗದ ಸ್ವಭಾವ. ಕರೆದುಕೊಂಡು ಬಂದಿದ್ದರೆ ಒಂದು ಇಂಜಕ್ಷನ್ನಿನ ಮಾತಾಗಿತ್ತು" ಎಂದರು. ಊರಿಗೆ ಕಾಗದ ಬರೆದರೆ ಅವನ ತಂದೆಯ ಕೈಗೆ ಸಿಕ್ಕೀತೆಂದು ಬರೆಯಲಿಲ್ಲ. ಅವನು ಗುಣವಾದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಚರಿತ್ರೆಯನ್ನು ಪಾಠ ಹೇಳುತ್ತಿದ್ದ ನಾನು, ನೇಪಲ್ಸಿನ ಜನ ಕೇಳಿದ್ದನ್ನೇ ಕೇಳಿದೆ: ಯಾರಿಂದ ಬಂತು? ಏನು ಮಾಡಬೇಕು ಎಂದು ಕೇಳಲಿಲ್ಲ.

ಅದಾಗಿ ಕೆಲವೇ ವರ್ಷಗಳಲ್ಲಿ, 1986ರಲ್ಲಿ, ಮದರಾಸಿನ ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ನಮ್ಮ ದೇಶದಲ್ಲಿ ಮೊದಲ ಬಾರಿಗೆ ಎಚ್.ಐ.ವಿ. ಸೋಂಕನ್ನು ಗುರುತಿಸಿದರು. ಏಡ್ಸ್ ಪರದೇಶದವರ ರೋಗವೆಂದು ನಂಬಿದ್ದ ನಾಡಿಗೆ ಅದು ಸಿಡಿಲಿನಂತೆ ಎರಗಿತು. ಮತ್ತೆ ಅದೇ ಹಳೆಯ ಮಾತು, ಹೊಸ ನಾಲಗೆಯಲ್ಲಿ.

ಇಂದಿನ ಮಕ್ಕಳಿಗೆ ತಿಳಿದಿರಬೇಕಾದುದು ಬಹಳವಿಲ್ಲ; ಆದರೆ ತಿಳಿಯದಿದ್ದರೆ ನಷ್ಟ ಬಹಳ. ಸಿಫಿಲಿಸ್, ಗೊನೊರಿಯಾ, ಕ್ಲಮೀಡಿಯಾ, ಟ್ರೈಕೊಮೊನಿಯಾಸಿಸ್ ಎಂಬ ನಾಲ್ಕೂ ಔಷಧದಿಂದ ಗುಣವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಈ ನಾಲ್ಕೇ ಸೋಂಕುಗಳು ಜಗತ್ತಿನಲ್ಲಿ 37 ಕೋಟಿಗೂ ಹೆಚ್ಚು ಸಲ ಹೊಸದಾಗಿ ತಗಲಿದವು. ಕ್ಲಮೀಡಿಯಾ ಎಂಬ ಹೆಸರಿನ ಮೂಲ, ಮೇಲುಹೊದಿಕೆ ಎಂಬ ಅರ್ಥದ ಗ್ರೀಕ್ ಶಬ್ದ. ಹೆಸರಿಗೆ ತಕ್ಕಂತೆ ಅದು ಹಲವರಲ್ಲಿ ಯಾವ ಲಕ್ಷಣವನ್ನೂ ತೋರದೆ ಹೊದ್ದು ಕುಳಿತಿರುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಹೆಣ್ಣುಮಕ್ಕಳಲ್ಲಿ ಗರ್ಭನಾಳಗಳು ಕೆಟ್ಟು ಬಂಜೆತನಕ್ಕೂ ಕಾರಣವಾಗಬಹುದು. ನೋವಿಲ್ಲದಿದ್ದರೆ ರೋಗವಿಲ್ಲವೆಂದಲ್ಲ. ಹರ್ಪಿಸ್, ಎಚ್.ಐ.ವಿ. ಇವು ಬೇರು ಸಹಿತ ಹೋಗುವುದಿಲ್ಲ, ಆದರೆ ಔಷಧದ ಹತೋಟಿಯಲ್ಲಿರುತ್ತವೆ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್.ಪಿ.ವಿ. ವೈರಸ್ಸಿಗೆ 2006ರಿಂದ ಲಸಿಕೆಯಿದೆ. 9ರಿಂದ 14ರ ವಯಸ್ಸಿನಲ್ಲಿ ಹಾಕಿಸಿದರೆ ಅದರ ಫಲ ಹೆಚ್ಚು. ನಿರೋಧ್ ಬಳಕೆ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸುತ್ತದೆ. ಕೈಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಎಚ್.ಐ.ವಿ. ಬರುವುದಿಲ್ಲ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಮಗುವಿಗೆ ಇಂಥ ಸೋಂಕು ಕಂಡರೆ ಅದು ಮಗುವಿನ ತಪ್ಪೆಂದು ಎಣಿಸಬಾರದು, ಯಾರದೋ ದೌರ್ಜನ್ಯಕ್ಕೆ ಸಿಕ್ಕಿದ ಮಗುವೂ ಆಗಿರಬಹುದು.

ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಪರೀಕ್ಷೆಯೂ ಉಂಟು, ಚಿಕಿತ್ಸೆಯೂ ಉಂಟು. ಆದರೆ ಆಸ್ಪತ್ರೆಯ ಬಾಗಿಲಿಗಿಂತ ಮೊದಲು ಮಕ್ಕಳು ದಾಟಬೇಕಾದ ಬಾಗಿಲೊಂದಿದೆ. ಅದು ತಂದೆಯದೋ, ತಾಯಿಯದೋ, ಮೇಷ್ಟರದೋ ಮುಖ. ಆ ಮುಖದಲ್ಲಿ ಅವರು ಮೊದಲು ಕಾಣುವುದು ಪ್ರಶ್ನೆಯನ್ನೋ, ಆಸರೆಯನ್ನೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಪರಂಗಿ ಹಣ್ಣನ್ನು ಇಂದು ಯಾರೂ ಪರದೇಶದ್ದೆನ್ನುವುದಿಲ್ಲ. ಅದು ನಮ್ಮ ಹಿತ್ತಿಲಿನದು. ರೋಗವನ್ನೂ ನಮ್ಮ ಹಿತ್ತಿಲಿನದೆಂದು ಒಪ್ಪಿಕೊಂಡಂದು ಅದರ ಮದ್ದು ನಮ್ಮ ಕೈಗೆ ಎಟುಕುತ್ತದೆ. ಆ ಹುಡುಗ ಎಲ್ಲಿಯಾದರೂ ಈ ಮಾತನ್ನು ಕೇಳುತ್ತಿದ್ದರೆ, ಈಗ ಅವನಿಗೂ ತಲೆ ನರೆತಿರಬೇಕು. ಅಂದು ನಾನು ಕೇಳಬೇಕಾಗಿದ್ದುದು ಇಷ್ಟೇ: "ಬಾ ಮಗು, ಕೂತುಕೋ. ಬೆಳಗ್ಗೆ ಡಾಕ್ಟರ ಹತ್ತಿರ ಒಟ್ಟಿಗೆ ಹೋಗೋಣವೇ?"