ಮರ ಹತ್ತುವ ಹಗ್ಗ: ಗಂಟು ಜಾರುತ್ತದೆ, ಲೋಹದ ಸಾಧನ ಜಾರುವುದೇ ಇಲ್ಲ ಎನ್ನುವುದು ನಿಜವೇ?

ಮಳೆಗಾಲಕ್ಕೆ ಮುಂಚೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ತೆಂಗಿನ ಗರಿ, ಮಾವಿನ ಟೊಂಗೆ ಕಡಿಸುವ ಕೆಲಸ ಶುರುವಾಗುತ್ತದೆ. ಹಗ್ಗ ಹಿಡಿದು ಸಲೀಸಾಗಿ ಮರ ಏರುವ ವಿಡಿಯೋಗಳೂ ಮೊಬೈಲ್‌ಗೆ ಬರುತ್ತವೆ. ಅವುಗಳನ್ನು ನೋಡಿದವರು "ಗಂಟು ಜಾರುತ್ತದೆ, ಲೋಹದ ಸಾಧನ ಜಾರುವುದಿಲ್ಲ" ಎಂದುಕೊಳ್ಳುವುದುಂಟು. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಗಂಟು ಹಿಡಿಯುವುದು ಹೇಗೆ?

ತೆಳುವಾದ ಹಗ್ಗವನ್ನು ಮುಖ್ಯ ಹಗ್ಗಕ್ಕೆ ಹಲವು ಸುತ್ತು ಹಾಕಿ ಕಟ್ಟುವುದೇ ಘರ್ಷಣೆ ಗಂಟು. ಮೈಭಾರ ಬಿದ್ದರೆ ಸುತ್ತುಗಳು ಬಿಗಿಯುತ್ತವೆ, ಭಾರ ತೆಗೆದರೆ ಕೈಯಿಂದ ಸರಿಸಬಹುದು. ಅಡಿಕೆ ಕೊನೆಗಾರರು ಕಾಲಿಗೆ ಹಾಕುವ ತಳೆ ನಂಬಿರುವುದೂ ಘರ್ಷಣೆಯನ್ನೇ. ಅಲ್ಲಿ ಹಿಡಿತ ಕಾಂಡದ ಮೇಲೆ, ಇಲ್ಲಿ ಹಗ್ಗದ ಮೇಲೆ.

ಯಾವುದರ ಗುಣವೇನು?

• ಪ್ರುಸಿಕ್: ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಕಟಿಸಿದ ಗಂಟು. ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಭಾರವಿದ್ದಾಗ ಸಡಿಲಿಸುವುದು ಕಷ್ಟ.

• ಬ್ಲೇಕ್ಸ್ ಹಿಚ್: ಏರುವ ಹಗ್ಗದ ತುದಿಯಿಂದಲೇ ಕಟ್ಟಬಹುದು. ವೇಗವಾಗಿ ಇಳಿದರೆ ಬಿಸಿಯಾಗಿ ಹಗ್ಗದ ಮೇಲ್ಮೈ ಕರಗಿ ನುಣುಪಾಗುತ್ತದೆ.

• ಡಿಸ್ಟೆಲ್, ವಿಟಿ: ಎರಡೂ ತುದಿಯಲ್ಲಿ ಕುಣಿಕೆ ಇರುವ ಪ್ರತ್ಯೇಕ ಹಗ್ಗ ಬೇಕು. ಕೆಳಗೆ ಚಿಕ್ಕ ರಾಟೆ ಜೋಡಿಸಿದರೆ ಸಡಿಲ ಹಗ್ಗವನ್ನು ಸುಲಭವಾಗಿ ಎಳೆದುಕೊಳ್ಳಬಹುದು.

• ಲೋಹದ ಸಾಧನ: ಗಂಟು ತಪ್ಪಾಗಿ ಕಟ್ಟುವ ಭಯವಿಲ್ಲ, ಇಳಿಯುವುದೂ ನಯ. ಆದರೆ ತಯಾರಕರು ಸೂಚಿಸಿದ ದಪ್ಪದ ಹಗ್ಗಕ್ಕೆ ಮಾತ್ರ ಹೊಂದುತ್ತದೆ. ಲೋಹವೂ ಸೋಲಬಹುದು: ಬಿರುಕು ಕಂಡಿದ್ದರಿಂದ ಪೆಟ್ಜಲ್ ಕಂಪನಿ 2013ರಲ್ಲಿ ತನ್ನ ಜಿಗ್‌ಜಾಗ್ ಸಾಧನವನ್ನು ವಾಪಸ್ ಕರೆಸಿಕೊಂಡಿತ್ತು.

ವಿಡಿಯೋದಲ್ಲಿ ಕಾಣದ ವ್ಯತ್ಯಾಸ

ಹಗ್ಗ ಟೊಂಗೆಯ ಮೇಲಿಂದ ಹಾದು ಮತ್ತೆ ಹತ್ತುವವನ ಸೊಂಟಪಟ್ಟಿಗೇ ಬಂದರೆ, ಗಂಟಿನ ಮೇಲೆ ಬೀಳುವುದು ಸುಮಾರು ಅರ್ಧ ಭಾರ. ಒಂದೇ ಎಳೆಯನ್ನು ಮೇಲೆ ಕಟ್ಟಿ ಏರಿದರೆ ಪೂರ್ತಿ ಭಾರ ಅದರ ಮೇಲೆಯೇ. ಮೊದಲನೆಯದರಲ್ಲಿ ಚೆನ್ನಾಗಿ ಸರಿಯುವ ಗಂಟು ಎರಡನೆಯದರಲ್ಲಿ ಬಿಗಿದು ಸಿಕ್ಕಿಕೊಳ್ಳಬಹುದು. ಅದಕ್ಕೇ ಗಂಟಿನ ಮೇಲ್ಗಡೆ ರೋಪ್ ರೆಂಚ್ ಎಂಬ ಸಾಧನ ಹಾಕಿ ಸ್ವಲ್ಪ ಭಾರವನ್ನು ಅದಕ್ಕೆ ಹಂಚುತ್ತಾರೆ.

ಹಗ್ಗದ ಜಾತಿಯೂ ಮುಖ್ಯ. ಅಂಗಡಿಯಲ್ಲಿ ಸಿಗುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಗ್ಗ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಸಾಮಾನು ಕಟ್ಟಲು ಅದು ಸಾಕು, ಜೀವ ಕಟ್ಟಲು ಅಲ್ಲ.

ತೀರ್ಮಾನ

ಮೇಲಿನ ಮಾತು ದಾರಿ ತಪ್ಪಿಸುವಂಥದ್ದು. ಹಿಡಿತ ಇರುವುದು ಗಂಟಿನಲ್ಲೋ ಲೋಹದಲ್ಲೋ ಅಲ್ಲ, ಅದು ಹಗ್ಗಕ್ಕೆ ಹೊಂದುವುದರಲ್ಲಿ. ತರಬೇತಿ ಪಡೆದವರೂ ಮೊದಲು ನೆಲದಿಂದ ಒಂದೆರಡು ಅಡಿ ಎತ್ತರದಲ್ಲೇ ಪೂರ್ತಿ ಭಾರ ಹಾಕಿ ಪರೀಕ್ಷಿಸುತ್ತಾರೆ, ಕೊಯ್ಯುವಾಗ ಎರಡನೇ ಕಟ್ಟು ಹಾಕಿಕೊಳ್ಳುತ್ತಾರೆ. ಟೊಂಗೆ ವಿದ್ಯುತ್ ತಂತಿಯ ಹತ್ತಿರವಿದ್ದರೆ ಮರ ಹತ್ತಲೇಬೇಡಿ, ಹೆಸ್ಕಾಂನ 1912ಕ್ಕೆ ಕರೆ ಮಾಡಿ. ವಿಡಿಯೋ ನೋಡಿ ಯಾರನ್ನೂ ಮರಕ್ಕೆ ಹತ್ತಿಸಬೇಡಿ. ಅಂಥ ವಿಡಿಯೋ ಫಾರ್ವರ್ಡ್ ಮಾಡುವುದಾದರೆ ಈ ಮಾಹಿತಿಯನ್ನೂ ಜೊತೆಗೆ ಕಳಿಸಿ.