ರದ್ದಿಗೆ ಹಾಕುವ ಮುಂಚೆ: ಮಾಸ್ತರರ ಕಾಗದ, ಹಳೆ ಫೋಟೊಗಳಿಗೆ ವಿಶ್ವವಿದ್ಯಾಲಯದಲ್ಲೂ ಜಾಗ ಇದೆ

ಚಿಕ್ಕೋಡಿ: ದೀಪಾವಳಿ ಹತ್ತಿರ ಬಂದ್ರೆ ಅಟ್ಟದ ಮೇಲಿನ ಟ್ರಂಕು ಕೆಳಗೆ ಇಳಿಯುತ್ತದೆ. ತೀರಿಹೋದ ಹಿರಿಯರ ಪತ್ರ, ಪಾಠದ ಟಿಪ್ಪಣಿ, ಕಾಲೇಜಿನ ಗ್ರೂಪ್ ಫೋಟೊ, ಅಂಗಡಿ ಉದ್ಘಾಟನೆಯ ಫೋಟೊ ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗ್ತವೆ. ವಿಶ್ವವಿದ್ಯಾಲಯಗಳ ಪತ್ರಾಗಾರಗಳು ಬೆಲೆ ಕೊಟ್ಟು ಕಾಪಾಡುವುದು ಇಂಥದ್ದನ್ನೇ.

ಪತ್ರಾಗಾರ ಅಂದ್ರೆ ಗ್ರಂಥಾಲಯ ಅಲ್ಲ. ಗ್ರಂಥಾಲಯದಲ್ಲಿ ಅಚ್ಚಾದ ಪುಸ್ತಕ ಇರುತ್ತದೆ, ಒಂದು ಪ್ರತಿ ಹೋದರೆ ಇನ್ನೊಂದು ಸಿಕ್ಕೀತು. ಪತ್ರಾಗಾರದಲ್ಲಿ ಇರೋದು ಒಂದೇ ಒಂದು ಪ್ರತಿ ಇರುವ ವಸ್ತು: ಪ್ರಾಧ್ಯಾಪಕರ ಕೈಬರಹ, ಅವರಿಗೆ ಬಂದ ಪತ್ರ, ತಿದ್ದಿದ ಕರಡು, ದಿನಚರಿ, ಫೋಟೊ, ನೆಗೆಟಿವ್.

ಇದರ ಬೆಲೆ ತಿಳಿಯಲು ಸದಲಗಾದವರನ್ನೇ ನೋಡಬೇಕು. ಡಾ. ಆ.ನೇ. ಉಪಾಧ್ಯೆ 1906ರ ಫೆಬ್ರುವರಿ 6ರಂದು ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಹುಟ್ಟಿದವರು. 1930ರಿಂದ 1962ರವರೆಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳಿದರು. 1935ರಲ್ಲಿ 'ಪ್ರವಚನಸಾರ' ಸಂಪಾದಿಸಿದರು, 1938ರಲ್ಲಿ ತಾಳೆಗರಿ ಪ್ರತಿಗಳಿಂದ 'ವರಾಂಗಚರಿತ'ವನ್ನು ಹೊರತಂದರು. ಹೀರಾಲಾಲ್ ಜೈನ್ ಅವರ ಜೊತೆ ಸೇರಿ ಮಾಡಿದ 'ತಿಲೋಯಪಣ್ಣತ್ತಿ' ಸೊಲ್ಲಾಪುರದಲ್ಲಿ ಪ್ರಕಟವಾಯಿತು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕೊನೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿದ್ದರು. 1975ರಲ್ಲಿ ತೀರಿಕೊಂಡರು.

ಅವರ ಪುಸ್ತಕಗಳು ಗ್ರಂಥಾಲಯಗಳಲ್ಲಿ ಸಿಗ್ತವೆ. ಆದರೆ ಇಂಥ ಸಂಪಾದಕರು ಯಾವ ಮಠದಿಂದ ಯಾವ ಪ್ರತಿ ಕೇಳಿ ತಂದರು, ಒಂದು ಶಬ್ದ ಎರಡು ಪ್ರತಿಯಲ್ಲಿ ಬೇರೆ ಇದ್ದಾಗ ಯಾವುದನ್ನು ಏಕೆ ಹಿಡಿದರು ಅನ್ನೋದು ಪುಸ್ತಕದಲ್ಲಿ ಅರ್ಧ ಮಾತ್ರ ಇರುತ್ತದೆ. ಉಳಿದರ್ಧ ಪತ್ರ ಮತ್ತು ಟಿಪ್ಪಣಿಗಳಲ್ಲಿ. ಅದು ಹೋದರೆ ಮುಂದಿನವರು ಮೊದಲಿನಿಂದ ಶುರು ಮಾಡಬೇಕು.

ಗಡಿಭಾಗದ ತೊಂದರೆ ಏನಂದ್ರೆ, ಇಲ್ಲಿನ ದಾಖಲೆ ಒಂದೇ ಕಡೆ ಇಲ್ಲ. ರಾಯಬಾಗ ಮೊದಲು ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ನಿಪ್ಪಾಣಿ, ಕಾಗವಾಡ ತಾಲೂಕು ಆದದ್ದು ಇತ್ತೀಚೆಗೆ. ಹೀಗಾಗಿ ಹಳೆ ಕಾಗದ ಎಷ್ಟೋ ಮೋಡಿ ಲಿಪಿಯ ಮರಾಠಿಯಲ್ಲಿವೆ. ಭಾಷೆಯ ವಾದ ಬೇರೆ, ದಾಖಲೆ ಎಲ್ಲಿದೆ ಅನ್ನೋದು ಬೇರೆ. ಕಾಲೇಜಿನ ವಿಷಯಕ್ಕೆ ಬಂದ್ರೆ, ಮೊದಲು ಮುಂಬಯಿ ವಿಶ್ವವಿದ್ಯಾಲಯ, 1949ರಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಇನ್ನೂ ಹಳೆಯದು, 1939ರದ್ದು. ಹಸ್ತಪ್ರತಿ, ಶಾಸನದ ಕೆಲಸಕ್ಕೆ ಹೆಸರಾದದ್ದು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ 1962ರದ್ದು, ನಿಪ್ಪಾಣಿಯವರಿಗೆ ಧಾರವಾಡಕ್ಕಿಂತ ಹತ್ತಿರ.

ಇನ್ನೂ ದೂರ ಹೋದ ದಾಖಲೆಯೂ ಇದೆ. ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಣ್ಣುಮಕ್ಕಳ ಹೋರಾಟದ ಬಗ್ಗೆ ಯುಗಾಂತರ್ ಎಂಬ ತಂಡ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಸಾಕ್ಷ್ಯಚಿತ್ರ ಮಾಡಿತ್ತು. ಹಳೆಯದಾಗಿದ್ದ ಆ ಚಿತ್ರವನ್ನು ಸರಿಪಡಿಸಿ ಡಿಜಿಟಲ್ ಮಾಡುವ ಕೆಲಸದಲ್ಲಿ ಕೈಜೋಡಿಸಿದ್ದು ಬರ್ಲಿನ್‌ನ ಆರ್ಸೆನಲ್ ಸಂಸ್ಥೆ. ನಿಪ್ಪಾಣಿ ಓಣಿಯ ಮುಖಗಳನ್ನು ಉಳಿಸೋಕೆ ಜರ್ಮನಿಯ ನೆರವು ಬೇಕಾಯಿತು.

ಅಂಗಡಿಕಾರರಿಗೆ ಇದರಿಂದ ಏನು ಅಂತ ಕೇಳಬಹುದು. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಿಕೆ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಬೆಳಗಾವಿ ಅದರಲ್ಲಿ ಒಂದು, ಅಥಣಿಯ ಕುಶಲಕರ್ಮಿಗಳೂ ಅದರಲ್ಲಿ ಬರ್ತಾರೆ. ಇಂಥ ಅರ್ಜಿಯಲ್ಲಿ ಆ ವಸ್ತು ಆ ಊರಿನದೇ ಅನ್ನೋಕೆ ಐತಿಹಾಸಿಕ ಪುರಾವೆ ಕೊಡಬೇಕು. ಹಳೆ ಬಿಲ್ ಪುಸ್ತಕ, ಕೆಲಸ ಮಾಡುವವರ ಫೋಟೊ ಅಂಥ ಪುರಾವೆ ಆಗಬಲ್ಲವು. 2025ರಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇದೇ ತರಹದ ಚಪ್ಪಲಿ ತೋರಿಸಿದಾಗ ಮೂಲದ ಪ್ರಶ್ನೆ ಎಷ್ಟು ದೊಡ್ಡದಾಯಿತು ಅನ್ನೋದು ಗೊತ್ತೇ ಇದೆ.

ಮನೆಯಲ್ಲೇ ಇಟ್ಟುಕೊಳ್ಳುವವರು ಮಾಡಬೇಕಾದ್ದು ಹೆಚ್ಚೇನಿಲ್ಲ. ಫೋಟೊ ಲ್ಯಾಮಿನೇಶನ್ ಮಾಡಿಸಬಾರದು, ಅದು ತಿರುಗಿ ಬಿಚ್ಚೋದಿಲ್ಲ. ಸೆಲ್ಲೊಟೇಪ್ ಬೇಡ. ಹಿಂದೆ ಹೆಸರು ಬರೆಯಲು ಬಾಲ್‌ಪೆನ್ ಬೇಡ, ಮೆತ್ತನೆ ಪೆನ್ಸಿಲ್ ಸಾಕು. ಹೆಸರು ಮಾತ್ರ ಬರೆಯಲೇಬೇಕು, ಎಡದಿಂದ ಬಲಕ್ಕೆ, ಊರು, ಸುಮಾರು ವರ್ಷ ಸಹಿತ. ಗುರುತು ಹಿಡಿಯುವ ಅಜ್ಜಿ ಇರುವಾಗಲೇ ಈ ಕೆಲಸ ಆಗಬೇಕು. ಹೆಸರಿಲ್ಲದ ಫೋಟೊ ಪತ್ರಾಗಾರಕ್ಕೂ ಅಷ್ಟಾಗಿ ಉಪಯೋಗ ಇಲ್ಲ.

ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಊರವರಿಗೆ ಇನ್ನೊಂದು ಮಾತು. 2019ರ ಆಗಸ್ಟ್ ಪ್ರವಾಹದಲ್ಲಿ ನೀರು ಮನೆಯೊಳಗೆ ಬಂದಾಗ ಟ್ರಂಕು ನೆಲದ ಮೇಲಿದ್ದವರ ಕಾಗದ ಉಳಿಯೋದು ಕಷ್ಟ. ಟ್ರಂಕು ಎತ್ತರದಲ್ಲಿರಲಿ. ನೆನೆದ ಫೋಟೊ ಒಂದಕ್ಕೊಂದು ಅಂಟಿದ್ದರೆ ಜಗ್ಗಿ ಬಿಡಿಸಬಾರದು. ಶುದ್ಧ ತಣ್ಣೀರಿನಲ್ಲಿ ಇಟ್ಟು ತಾವಾಗಿ ಬಿಡಲು ಬಿಡಬೇಕು, ಆಮೇಲೆ ನೆರಳಲ್ಲಿ ಚಿತ್ರದ ಮುಖ ಮೇಲೆ ಮಾಡಿ ಒಣಗಿಸಬೇಕು. ತಕ್ಷಣ ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ಟರೆ ಬೂಜು ಹಿಡಿಯದೆ ಸಮಯ ಸಿಗ್ತದೆ.

ವಿಶ್ವವಿದ್ಯಾಲಯಕ್ಕೆ ಕೊಡುವವರು ಗಂಟನ್ನು ಬಿಚ್ಚಿ ಬೇರೆ ಬೇರೆ ಜೋಡಿಸಬಾರದು. ಮಾಸ್ತರರು ಇಟ್ಟ ಕ್ರಮವೇ ಒಂದು ಮಾಹಿತಿ. ಕೊಡುವಾಗ ಬರೀ ಬಾಯಿಮಾತು ಬೇಡ: ದಾನವೋ, ಸ್ಕ್ಯಾನ್ ಮಾಡಿ ವಾಪಸ್ ಕೊಡುವುದೋ, ಯಾರು ನೋಡಬಹುದು, ಮನೆಯವರ ಖಾಸಗಿ ಪತ್ರ ಎಷ್ಟು ವರ್ಷ ಮುಚ್ಚಿಡಬೇಕು ಅನ್ನೋದನ್ನು ಬರೆಸಿಕೊಂಡು ಪಟ್ಟಿಗೆ ಸಹಿ ಪಡೆಯಬೇಕು. ಒಂದು ಸೂಕ್ಷ್ಮ ಇದೆ: ಪತ್ರದ ಕಾಗದ ಬಂದವರದು, ಅದರ ಮಾತಿನ ಹಕ್ಕು ಬರೆದವರದು. ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಆ ಹಕ್ಕು ಬರೆದವರು ತೀರಿದ ಮೇಲೂ ಇರುತ್ತದೆ. ಆ ಹಕ್ಕು ಇರುವಾಗ ಅಚ್ಚು ಹಾಕಿಸುವುದಾದರೆ ಅವರ ವಾರಸುದಾರರ ಒಪ್ಪಿಗೆ ಬೇಕು; ಪತ್ರವನ್ನು ಕಾಪಾಡಿ ಇಡೋಕೆ ಬೇಕಿಲ್ಲ.